ನಿಧಾನ ಕ್ವೆರಿಗಳ ನಿದಾನ: ಒಂದು ಮಹಾಪ್ರಾಣದ ತಕರಾರು

ಬಳಗದ ಎಲ್ಲರಿಗೂ ನಮಸ್ಕಾರ.

ಆಫೀಸಿಗೆ ಹೊಸದಾಗಿ ಸೇರಿದವರಿಗೆಂದು ಡೇಟಾಬೇಸ್ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಅಧ್ಯಾಯಕ್ಕೆ ‘ನಿಧಾನ ಕ್ವೆರಿಗಳ ನಿದಾನ’ ಎಂದು ತಲೆಬರಹ ಕೊಟ್ಟೆ (ಕ್ವೆರಿ ಎಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ). ಕರಡು ನೋಡಿದ ಹುಡುಗ ಎರಡನೆಯದು ಕಾಗುಣಿತದ ತಪ್ಪೆಂದುಕೊಂಡು ಅದಕ್ಕೂ ಹೊಟ್ಟೆ ಸೀಳಿ ‘ಧ’ ಮಾಡಿ ವಾಪಸ್ ಕಳಿಸಿದ. ಅವನನ್ನು ಬೈಯುವಂತಿಲ್ಲ, ಮಾತಾಡುವಾಗ ನಮ್ಮಲ್ಲಿ ಎಷ್ಟು ಜನ ಮಹಾಪ್ರಾಣಕ್ಕೆ ಉಸಿರು ಖರ್ಚು ಮಾಡುತ್ತೇವೆ?

ಅಲ್ಪಪ್ರಾಣದ ‘ನಿದಾನ’ ವೈದ್ಯರ ಮಾತು: ರೋಗದ ಮೂಲಕಾರಣ, ಅದನ್ನು ಗುರುತಿಸುವ ಕೆಲಸ. ಚರಕಸಂಹಿತೆಯಲ್ಲಿ ನಿದಾನಸ್ಥಾನ ಎಂಬ ಭಾಗವೇ ಇದೆ. ಮಹಾಪ್ರಾಣದ ‘ನಿಧಾನ’ ಮೂಲದಲ್ಲಿ ನಿಧಿ. ಅಕ್ಕಮಹಾದೇವಿ ‘ನೆಲದ ಮರೆಯ ನಿಧಾನದಂತೆ’ ಎಂದಾಗ ಹೇಳಿದ್ದು ಹೂತಿಟ್ಟ ಸಂಪತ್ತನ್ನು. ಇವತ್ತು ನಮ್ಮ ಬಾಯಲ್ಲಿ ಉಳಿದಿರುವುದು ಸಾವಕಾಶ ಎಂಬ ಅರ್ಥ.

‘ನಿದಾನ’ದ ಬದಲು ‘ದೋಷಪತ್ತೆ’ ಎನ್ನಬಾರದೇ ಎಂದರು ಒಬ್ಬರು. ನನಗೆ ಒಗ್ಗಲಿಲ್ಲ. ಯಾಕೆಂದು ಹೇಳುತ್ತೇನೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಹಳೆಯ 5.5 ಆವೃತ್ತಿಯ ಒಂದು ಸರ್ವರ್, ಅದರಲ್ಲಿ ಸಾವಿರಾರು ಟೇಬಲ್, ಅಂದರೆ ಮಾಹಿತಿಯ ಕೋಷ್ಟಕಗಳು. ಟೇಬಲ್‌ಗಳ ಪಟ್ಟಿ, ಗಾತ್ರ ಕೇಳುವ ಮಾಮೂಲಿ ಕ್ವೆರಿ. ಕೆಳಗೆ ಹೋಗಿ ಟೀ ಕುಡಿದು ಬಂದರೂ ಮುಗಿದಿರಲಿಲ್ಲ. ಕ್ವೆರಿಯಲ್ಲಿ ದೋಷವೇ ಇಲ್ಲ! 8.0 ಬರುವ ಮುಂಚೆ ಪ್ರತಿ ಟೇಬಲ್ಲಿನ ವಿವರ (ಮೆಟಾಡೇಟಾ) ಡಿಸ್ಕಿನಲ್ಲಿ ಒಂದೊಂದು ಎಫ್‌ಆರ್‌ಎಂ ಫೈಲಿನಲ್ಲಿರುತ್ತಿತ್ತು, ಇಂಥ ಕ್ವೆರಿಗೆ ಅವನ್ನೆಲ್ಲ ತೆರೆಯಬೇಕಾಗುತ್ತಿತ್ತು. ಸಾಲದ್ದಕ್ಕೆ ‘ಇನ್ನೋಡಿಬಿ ಸ್ಟ್ಯಾಟ್ಸ್ ಆನ್ ಮೆಟಾಡೇಟಾ’ ಎಂಬ ಸೆಟ್ಟಿಂಗ್ ಆನ್ ಆಗಿತ್ತು. ವಿವರ ಕೇಳಿದಾಗಲೆಲ್ಲ ಟೇಬಲ್‌ಗಳ ಅಂಕಿಅಂಶವನ್ನು ಹೊಸದಾಗಿ ಲೆಕ್ಕ ಹಾಕಿಸುವ ಸೆಟ್ಟಿಂಗ್ ಅದು, 5.6.6ರಿಂದ ತಾನಾಗಿಯೇ ಆಫ್ ಇರುತ್ತದೆ. ನಾವೂ ಆಫ್ ಮಾಡಿದೆವು, ಉತ್ತರ ಚಕ್ಕನೆ ಬಂತು. ಲಕ್ಷಣ ಒಂದು ಕಡೆ, ಬೇರು ಇನ್ನೊಂದು ಕಡೆ. ಇದಕ್ಕೆ ನಿದಾನಕ್ಕಿಂತ ಒಪ್ಪುವ ಮಾತು ನನಗಂತೂ ಹೊಳೆಯಲಿಲ್ಲ.

ಇನ್ನೊಂದು ತೊಡಕೂ ಇದೆ. ಯಾರೋ ಒಂದು ಟೇಬಲ್ ಮೇಲೆ ಟ್ರಾನ್ಸಾಕ್ಷನ್ (ಒಟ್ಟಿಗೇ ಮುಗಿಯಬೇಕಾದ ಕೆಲಸಗಳ ಕಟ್ಟು) ತೆರೆದು, ಕಮಿಟ್ ಮಾಡದೆ, ಅಂದರೆ ಮುಗಿಸಿ ಖಾಯಂ ಮಾಡದೆ, ಊಟಕ್ಕೆ ಹೋಗಿರುತ್ತಾರೆ. ಅದೇ ಟೇಬಲ್ಲಿನ ರಚನೆ ಬದಲಿಸಲು ಬಂದ ಆಲ್ಟರ್ ಆದೇಶ ಮೆಟಾಡೇಟಾ ಲಾಕ್‌ಗೆ, ಅಂದರೆ ಆ ರಚನೆಯ ಮೇಲಿನ ಬೀಗಕ್ಕೆ, ಕಾಯುತ್ತ ನಿಲ್ಲುತ್ತದೆ, ಅದರ ಬೆನ್ನಿಗೆ ಆ ಟೇಬಲ್ಲಿನ ಉಳಿದ ಕ್ವೆರಿಗಳ ಸಾಲು. ಇವನ್ನೂ ಎಲ್ಲರೂ ‘ನಿಧಾನ’ ಅಂತಲೇ ದೂರು ಬರೆಯುತ್ತಾರೆ. ಆದರೆ ನಿಧಾನದ ಬಸ್ಸು ಬೇರೆ, ತಡವಾದ ಬಸ್ಸು ಬೇರೆ ಅಲ್ಲವೇ? ಹೆಬ್ಬಾಳದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡ ಬಸ್ಸಿನ ಎಂಜಿನ್ ಬಿಚ್ಚಿ ಏನು ಪ್ರಯೋಜನ? ಹಾಗಾಗಿ ಕೈಪಿಡಿಯಲ್ಲಿ ಮೊದಲಿನದಕ್ಕೆ ‘ನಿಧಾನ’, ಇದಕ್ಕೆ ‘ತಡೆ’ ಎಂದು ಬೇರೆ ಮಾಡಿದ್ದೇನೆ.

‘ಮೆಟಾಡೇಟಾ’ ಎಂಬ ಪದವನ್ನು ಅನುವಾದಿಸದೆ ಹಾಗೇ ಬಿಟ್ಟಿದ್ದೇನೆ. ‘ಹೊಲ ಡೇಟಾ, ಪಹಣಿ ಮೆಟಾಡೇಟಾ’ ಎಂದರೆ ಹುಡುಗರಿಗೆ ತಕ್ಷಣ ತಿಳಿಯುತ್ತದೆ. ‘ಅಧಿದತ್ತಾಂಶ’ ಎಂದರೆ ಮುಖ ಮುಖ ನೋಡುತ್ತಾರೆ.

ಈಗ ನನ್ನ ಪ್ರಶ್ನೆ. ವೈದ್ಯದ ಆಚೆ, ಯಂತ್ರ ರಿಪೇರಿಯಲ್ಲೋ ಬೇಸಾಯದಲ್ಲೋ ‘ನಿದಾನ’ವನ್ನು ಬಳಸಿದ್ದನ್ನು ನೀವು ಕೇಳಿದ್ದೀರಾ? ‘ನಿಧಾನ’ದ ಪಕ್ಕದಲ್ಲೇ ಇಟ್ಟರೆ ಓದುಗರು ಎಡವುತ್ತಾರೆ ಅನ್ನಿಸಿದರೆ, ತಲೆಬರಹವನ್ನು ‘ಮೂಲಪತ್ತೆ’ ಎಂದು ಬದಲಿಸಲೇ?