1966ರ ಮಾಂಟ್ ಬ್ಲಾಂಕ್ ವಿಮಾನ ದುರಂತ: ತನಿಖೆ ಕಂಡುಕೊಂಡದ್ದೇನು?

ಪ್ರಶ್ನೆ (ಮಡಿಕೇರಿಯಿಂದ)

ಪಿಯುಸಿ ಓದುತ್ತಿರುವ ನನ್ನ ಮಗಳು ಹೋಮಿ ಭಾಭಾ ಅವರ ಕುರಿತು ಪ್ರಬಂಧ ಬರೆಯುತ್ತಿದ್ದಾಳೆ. 1966ರ ಜನವರಿ 24ರಂದು ಅವರಿದ್ದ ಏರ್ ಇಂಡಿಯಾದ ಬೋಯಿಂಗ್ 707 ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿ, ಅದರಲ್ಲಿದ್ದ 117 ಮಂದಿಯೂ ತೀರಿಕೊಂಡರು ಎಂಬಲ್ಲಿಗೆ ಬರವಣಿಗೆ ನಿಂತುಬಿಟ್ಟಿದೆ; ವಾಟ್ಸಾಪ್‌ನಲ್ಲಿ ಬರುವುದೆಲ್ಲ ಪಿತೂರಿಯ ಕತೆಯೇ. ರೇಡಾರ್‌ನಲ್ಲಿ ಒಬ್ಬರು ನೋಡುತ್ತಿರುವಾಗಲೇ ವಿಮಾನ ಬೆಟ್ಟಕ್ಕೆ ಬಡಿಯುವುದು ಹೇಗೆ ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ (ಸೋಮವಾರಪೇಟೆ)

ಫ್ರಾನ್ಸಿನ ತನಿಖಾ ಆಯೋಗವು ತನ್ನ ನಿರ್ಣಯವನ್ನು ‘ಅತ್ಯಂತ ಸಂಭವನೀಯ’ ಕಾರಣವೆಂದಷ್ಟೇ ಹೇಳಿತು. ಆ ಎಚ್ಚರಿಕೆಯನ್ನು ನಿಮ್ಮ ಮಗಳೂ ಪ್ರಬಂಧದಲ್ಲಿ ಉಳಿಸಿಕೊಳ್ಳಲಿ.

ವಿಮಾನದ ಸ್ಥಾನ ಗುರುತಿಸಲು ನೆರವಾಗುವ ವಿಒಆರ್ ರೇಡಿಯೊ ಉಪಕರಣಗಳಲ್ಲಿ ಒಂದು ಕೆಟ್ಟಿರುವುದು ಬೈರೂತ್ ಬಿಡುವಾಗಲೇ ಕ್ಯಾಪ್ಟನ್‌ಗೆ ಗೊತ್ತಿತ್ತು. ಜಿನೀವಾದಲ್ಲಿ ಇಳಿಯಲು ಕೆಳಗಿಳಿಯುತ್ತಿದ್ದಾಗ, ಮಾಂಟ್ ಬ್ಲಾಂಕ್‌ನ ಪಕ್ಕಕ್ಕೆ ಬಂದಾಯಿತೆಂದು ಅವರು ತಪ್ಪಾಗಿ ಎಣಿಸಿ ಹಾಗೆಯೇ ತಿಳಿಸಿದರು. ನಿಯಂತ್ರಕರು ತಪ್ಪನ್ನು ಗುರುತಿಸಿ, ಪರ್ವತಕ್ಕೆ ಇನ್ನೂ 5 ಮೈಲಿ ಇದೆ ಎಂಬರ್ಥದಲ್ಲಿ ತಿದ್ದಿದರು. ಆದರೆ ಆ ಮಾತಿನಲ್ಲಿ ಸಾಕಷ್ಟು ಖಚಿತತೆ ಇರಲಿಲ್ಲವಾದ್ದರಿಂದ ಕ್ಯಾಪ್ಟನ್ ಅದನ್ನು ಬೇರೆಯಾಗಿ ಗ್ರಹಿಸಿ, ಶಿಖರದ ಏಣು ದಾಟಿತೆಂಬ ನಂಬಿಕೆಯಲ್ಲಿ ಇಳಿಯುವುದನ್ನು ಮುಂದುವರಿಸಿದರು ಎಂಬುದು ಆಯೋಗದ ಅಭಿಪ್ರಾಯ. ಮಳೆಗಾಲದ ಮಂಜಿನಲ್ಲಿ ಸಂಪಾಜೆ ಘಾಟಿ ಇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ: ದೊಡ್ಡ ತಿರುವು ಕಳೆಯಿತೆಂದು ಮನಸ್ಸು ಒಮ್ಮೆ ನಂಬಿಬಿಟ್ಟರೆ, ಪಕ್ಕದಲ್ಲಿ ಕುಳಿತವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ.

ಉತ್ತರ (ವಿರಾಜಪೇಟೆ)

ಮೇಲಿನ ವಿವರಣೆ ಸರಿಯೇ, ಆದರೆ ‘ಪೈಲಟ್ ತಪ್ಪು’ ಎಂದು ಓದಿ ಮುಗಿಸಬಾರದು ಎಂಬುದು ನನ್ನ ಕಳಕಳಿ. 1992ರ ಜನವರಿ 20ರಂದು ಏರ್ ಇಂಟರ್ ಸಂಸ್ಥೆಯ ಏರ್‌ಬಸ್ ಎ320 ಸ್ಟ್ರಾಸ್‌ಬರ್ಗ್ ಬಳಿಯ ಬೆಟ್ಟಕ್ಕೆ ಬಡಿದು 96 ಮಂದಿಯಲ್ಲಿ 87 ಜನ ಸತ್ತರು. 3.3 ಡಿಗ್ರಿ ಕೋನದಲ್ಲಿ ಇಳಿಯಬೇಕೆಂದು ಪೈಲಟ್‌ಗಳು ಹಾಕಿದ ಅಂಕಿಯನ್ನು ಯಂತ್ರವು ನಿಮಿಷಕ್ಕೆ 3300 ಅಡಿ ಇಳಿಯುವ ಆಜ್ಞೆಯಾಗಿ ತೆಗೆದುಕೊಂಡಿರಬೇಕು, ಏಕೆಂದರೆ ಎರಡು ವಿಧಾನಗಳಲ್ಲೂ ಪರದೆಯ ಮೇಲೆ ಕಾಣುತ್ತಿದ್ದದ್ದು ಬಹುತೇಕ ಒಂದೇ ಬಗೆಯ ಅಂಕಿ. ತನಿಖೆಯ ತರುವಾಯ ಏರ್‌ಬಸ್ ಆ ಪರದೆಯನ್ನೇ ಬದಲಿಸಿತು. ಪೈಲಟ್‌ರನ್ನು ಮಾತ್ರ ದೂರಿ ಕಡತ ಮುಚ್ಚಿದ್ದರೆ ಅದು ಆಗುತ್ತಿರಲಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ನೆಲ ಹತ್ತಿರವಾದಾಗ ಎಚ್ಚರಿಸುವ ಉಪಕರಣ ಆಗ ಇರಲಿಲ್ಲವೇ?

ಉತ್ತರ (ಸೋಮವಾರಪೇಟೆ)

1966ರಲ್ಲಿ ಅದು ವಿಮಾನಗಳಿಗೆ ಬಂದಿರಲಿಲ್ಲ. ಏರ್ ಇಂಟರ್ ತನ್ನ ಆ ವಿಮಾನದಲ್ಲಿ ಅದನ್ನು ಅಳವಡಿಸಿರಲಿಲ್ಲ. ಹಳೆಯ ಉಪಕರಣವು ವಿಮಾನದ ನೇರ ಕೆಳಗಿನ ನೆಲವನ್ನಷ್ಟೇ ಅಳೆಯುತ್ತಿದ್ದುದರಿಂದ, ಮುಂದೆ ಕಡಿದಾಗಿ ಏರುವ ಬೆಟ್ಟವನ್ನು ತಡವಾಗಿ ಹೇಳುತ್ತಿತ್ತು. 1990ರ ದಶಕದಲ್ಲಿ ಬಂದ ಸುಧಾರಿತ ವ್ಯವಸ್ಥೆಯು ಭೂಪ್ರದೇಶದ ನಕ್ಷೆಯನ್ನೇ ನೆನಪಿನಲ್ಲಿಟ್ಟುಕೊಂಡು ಮುಂಚಿತವಾಗಿ ಎಚ್ಚರಿಸುತ್ತದೆ.

ಆದರೆ ಎಚ್ಚರಿಕೆಯನ್ನು ಕೇಳಿಸಿಕೊಳ್ಳುವವರೂ ಬೇಕು. ನಾವೆಲ್ಲ ವಿಮಾನ ಹತ್ತಲು ಹೋಗುವ ಮಂಗಳೂರಿನಲ್ಲಿ, 2010ರ ಮೇ 22ರಂದು 158 ಮಂದಿ ಸತ್ತರು. ಅಂದು ಇಳಿಯದೆ ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು.