ಜೀಪಿಗೆ ಡಿಸ್ಕ್ ಬ್ರೇಕ್ ಹಾಕಿಸಿದೆ, ಮಾಸ್ಟರ್ ಸಿಲಿಂಡರ್ ಎಷ್ಟು ಇಂಚಿನದು ಬೇಕು?

ಪೆರ್ಲದ ಜೀಪಿನವ: ಹಳೇ ಜೀಪಿನ ಮುಂದಿನ ಡ್ರಮ್ ಬ್ರೇಕ್ ತೆಗೆಸಿ ಡಿಸ್ಕ್ ಹಾಕಿಸಿದ್ದೇನೆ. ಹಿಂದೆ ಡ್ರಮ್ಮೇ ಉಂಟು. ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್ ಒಂದೇ ಪಿಸ್ಟನ್ನಿನದು, 54 ಮಿ.ಮೀ. ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ, ಒಳವ್ಯಾಸ ಮುಕ್ಕಾಲು ಇಂಚು. ಪೆಡಲ್ ಅರ್ಧಕ್ಕಿಂತ ಜಾಸ್ತಿ ಕೆಳಗೆ ಹೋದ ಮೇಲೆಯೇ ಬ್ರೇಕ್ ಹಿಡಿಯುವುದು. ಮೆಕ್ಯಾನಿಕ್ ಒಂದಿಂಚಿನದು ಹಾಕುವ ಅಂತಾನೆ. 7/8 ಸಾಕಾ? ಮಾಡಿಸಿದವರು ಅನುಭವ ಹೇಳಿ.

ಬಂದಡ್ಕದವ: ಇಂಚಿನ ಕಥೆ ಆಮೇಲೆ. ನಾನು ಮಾಡಿಸಿ ಮೂರು ವರ್ಷ ಆಯ್ತು, ಹೊಟ್ಟೆಉರಿ ಇನ್ನೂ ಇಳಿದಿಲ್ಲ. ನಿಮ್ಮ ಹಾಗೆಯೇ ಡ್ರಮ್ಮಿನ ಮಾಸ್ಟರ್ ಸಿಲಿಂಡರ್ ಹಾಗೇ ಇಟ್ಟೆ. ಹತ್ತು ಕಿಲೋಮೀಟರ್ ಹೋದರೆ ಸಾಕು, ಮುಂದಿನ ಚಕ್ರ ಸುಟ್ಟ ವಾಸನೆ. ಕ್ಯಾಲಿಪರ್ ಜಾಮ್ ಅಂದರು. ಕಿಟ್ 1,150, ಕೂಲಿ 800. ಇಪ್ಪತ್ತು ದಿನಕ್ಕೆ ಪುನಃ ಅದೇ, ಪುನಃ 1,950. ಆಮೇಲೆ ಗುಜರಿಯಿಂದ ಬೇರೆ ಜೋಡಿ ಕ್ಯಾಲಿಪರ್ 4,200, ಪ್ಯಾಡ್ 1,600. ಭಾಗಮಂಡಲದಿಂದ ಕರಿಕೆ ಘಾಟಿ ಇಳಿಯುವಾಗ ಬ್ರೇಕ್ ಆಯಿಲ್ ಕುದಿದು ಪೆಡಲ್ ನೆಲಕ್ಕೆ ಹೋಯ್ತು. ಫಸ್ಟ್ ಗೇರಿಗೆ ಹಾಕಿ ರಸ್ತೆ ಬದಿಯ ಮಣ್ಣಿನ ಬರೆಗೆ ಒರಗಿಸಿ ನಿಲ್ಲಿಸಿದೆ. ಎಡಗಡೆ ಮಡ್‌ಗಾರ್ಡ್ ಇವತ್ತಿಗೂ ಹಾಗೇ ನೆಗ್ಗಿದೆ. ಎಳೆದು ತಂದ ಪಿಕಪ್ಪಿಗೆ 1,700.

ಕೊನೆಗೆ ಒಬ್ಬರು ಮುದುಕ ಮೆಕ್ಯಾನಿಕ್ ಪೈಪ್ ಬಿಚ್ಚಿ, ಒಳಗಿದ್ದ ಕಿರುಬೆರಳ ಉಗುರಿನಷ್ಟು ರಬ್ಬರ್ ವಾಲ್ವ್ ತೆಗೆದು ಅಂಗೈ ಮೇಲಿಟ್ಟರು. ಡ್ರಮ್ಮಿಗಾದರೆ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವುದಕ್ಕೆ ಅದು ಬೇಕು, ಇಲ್ಲದಿದ್ದರೆ ವೀಲ್ ಸಿಲಿಂಡರಿನ ಬಕೆಟ್ ಎನ್ನುವ ರಬ್ಬರ್ ಸೀಲ್ ಗಾಳಿ ಎಳೆಯುತ್ತದೆ. ಡಿಸ್ಕಿಗೆ ಅದೇ ಶತ್ರು, ಪ್ಯಾಡ್ ಬಿಡುವುದೇ ಇಲ್ಲ. ಹಿಂದಿನ ಲೈನಿನದ್ದು ಬಿಟ್ಟು ಮುಂದಿನದ್ದು ತೆಗೆದರು. ತಗೊಂಡದ್ದು 100 ರೂಪಾಯಿ. ಅದಕ್ಕೆ ಮೊದಲು ನಾನು ಸುರಿದದ್ದು 11,400.

ಕುಂಬಳೆಯ ನಾಲ್ಕು ಪಿಸ್ಟನ್: ಗುಜರಿ ಸಾಮಾನು ಹಾಕಿದರೆ ಹಾಗೆಯೇ. ನಾನು ನನ್ನ ಕಾರಿಗೆ ಹೊಸದೇ ತರಿಸಿದೆ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, ಒಂದೊಂದೂ 36 ಮಿ.ಮೀ. ಒಟ್ಟು 38,500 ಬಿತ್ತು. ಹಳೆಯದು 48ರದ್ದು ಒಂದೇ ಪಿಸ್ಟನ್, ಅಂದರೆ 1,810 ಚದರ ಮಿ.ಮೀ. ಈಗ 4,072. ಎರಡೂಕಾಲು ಪಾಲು! ಅದಕ್ಕೆ ಸರಿಯಾಗಿ 7/8 ತೆಗೆದು ಒಂದಿಂಚು ಹಾಕಿಸಿದೆ. ಪೆಡಲ್ ಕಲ್ಲಿನ ಹಾಗೆ ನಿಲ್ಲುತ್ತದೆ. ಮೊಣಕಾಲು ಸ್ವಲ್ಪ ನೋಯುತ್ತದೆ, ಅಭ್ಯಾಸ ಆಗುತ್ತದೆ. ಕಣ್ಣು ಮುಚ್ಚಿ ಒಂದಿಂಚು ಹಾಕಿ.

ಬದಿಯಡ್ಕದ ಮಾಷ್ಟ್ರು: ಕಣ್ಣು ಮುಚ್ಚಿದ್ದೇ ತಪ್ಪಾದದ್ದು. ನಿಮ್ಮ ಹಳೆಯದರಂತೆ ಒಂದೇ ಬದಿಗೆ ಪಿಸ್ಟನ್ ಇರುವ, ಜಾರುವ ಕ್ಯಾಲಿಪರಿನ ಎದುರು ಇದನ್ನು ಹೋಲಿಸುವಾಗ ಒಂದು ಬದಿಯ ಪಿಸ್ಟನ್ ಮಾತ್ರ ಲೆಕ್ಕ. ನಿಮ್ಮದು 2,036, ಹಳೆಯದಕ್ಕಿಂತ ನೂರಕ್ಕೆ ಹನ್ನೆರಡೂವರೆ ಜಾಸ್ತಿ ಅಷ್ಟೆ. ಮಾಸ್ಟರ್ ಸಿಲಿಂಡರ್ ಮಾತ್ರ 388 ಚದರ ಮಿ.ಮೀ.ಯಿಂದ 507ಕ್ಕೆ ಏರಿತು, ನೂರಕ್ಕೆ 31; ಅದು ದೊಡ್ಡದಾದಷ್ಟು ಅದೇ ತುಳಿತಕ್ಕೆ ಒತ್ತಡ ಕಮ್ಮಿ. ಡಿಸ್ಕ್, ಪ್ಯಾಡ್ ಮೊದಲಿನಂಥದೇ ಆಗಿದ್ದರೆ, ಅದೇ ಕಾಲಿನ ಬಲಕ್ಕೆ ಮುಂದಿನ ಹಿಡಿತ ನೂರಕ್ಕೆ 14 ಕಮ್ಮಿ ಆಗಿದೆ. 38,500 ಕೊಟ್ಟು ಬ್ರೇಕ್ ಕಮ್ಮಿ ಮಾಡಿಸಿಕೊಂಡಿರಿ.

ಕುಂಬಳೆಯ ನಾಲ್ಕು ಪಿಸ್ಟನ್: ಮಾಸ್ಟರ್ ಸಿಲಿಂಡರಿಗೆ ಮಾಷ್ಟ್ರು ಬಂದರು! ಕಣ್ಣಿಗೆ ನಾಲ್ಕು ಕಾಣುತ್ತದೆ, ಲೆಕ್ಕಕ್ಕೆ ಎರಡಾ? ಉಳಿದ ಎರಡು ಬಿಟ್ಟಿ ಕೂತಿವೆಯಾ?

ಬದಿಯಡ್ಕದ ಮಾಷ್ಟ್ರು: ಹಲಗೆಯನ್ನು ಗೋಡೆಗೆ ಇಟ್ಟು ಒತ್ತಿ. ಗೋಡೆಯೂ ಅಷ್ಟೇ ಬಲದಲ್ಲಿ ಹಿಂದಕ್ಕೆ ಒತ್ತುತ್ತದೆ. ಗೋಡೆ ತೆಗೆದು ಅಲ್ಲಿ ನಿಮ್ಮ ತಮ್ಮನನ್ನು ನಿಲ್ಲಿಸಿದರೆ ಹಲಗೆಗೆ ಬೀಳುವ ಒತ್ತು ಎರಡರಷ್ಟು ಆಗುವುದಿಲ್ಲ. ಆಚೆ ಬದಿಯ ಎರಡು ಪಿಸ್ಟನ್ ಆ ತಮ್ಮ.

ಕುಂಬಳೆಯ ನಾಲ್ಕು ಪಿಸ್ಟನ್: ನನ್ನ ತಮ್ಮನ ವಿಷಯ ಇಲ್ಲಿ ಬೇಡ.

ಮಂಜೇಶ್ವರದ ಹಳೇ ಫಿಯೆಟ್: ಹೇಳಲು ನಾಚಿಕೆ, ಆದರೂ ಹೇಳ್ತೇನೆ. ನಂದೂ ಪೆಡಲ್ ಕೆಳಗೆ ಹೋಗುತ್ತಿತ್ತು. ಮಾಸ್ಟರ್ ಸಿಲಿಂಡರ್ ಎರಡು ಸಲ ಬದಲಾಯಿಸಿದೆ. ಏರ್ ತೆಗೆದು ತೆಗೆದು ಎರಡು ಲೀಟರ್ ಆಯಿಲ್ ಮುಗಿಯಿತು, ಅರ್ಧ ಬಾನೆಟ್ ಮೇಲೆ ಚೆಲ್ಲಿ ಬಣ್ಣವೂ ಎದ್ದು ಬಂತು. ಪೆಡಲ್ ತುಳಿಯಲು ಕೂತ ಹೆಂಡತಿ ಒಂದು ದಿನ ಇಳಿದು ಬಂದು, "ಗುಳ್ಳೆ ಮೇಲೆ ಬರುವುದಲ್ವಾ, ನಿಮ್ಮ ಏರ್ ಬಿಡುವ ನಿಪ್ಪಲ್ ಯಾಕೆ ಕೆಳಗುಂಟು?" ಅಂದಳು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಗಾಳಿ ಮೇಲೆ ಆರಾಮಾಗಿ ಇತ್ತು. ಜೀಪಿನಣ್ಣ, ಇಂಚು ಬಿಡಿ, ಮೊದಲು ನಿಪ್ಪಲ್ ನೋಡಿ.

ಉಪ್ಪಳದವ: ಎಲ್ಲರೂ ಇಂಚಿನ ಲೆಕ್ಕ ಹಾಕ್ತೀರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿದ್ದೀರಾ? ಕಂಪನಿ ಕೊಟ್ಟದ್ದನ್ನು ಬದಲಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನನ್ನ ಅಗಲ ಟಯರಿಗೇ ದಂಡ ಬಿದ್ದಿದೆ.

ಬಂದಡ್ಕದವ: ಟಯರ್ ಹೊರಗೆ ಕಾಣುವುದು ಮಾರಾಯ. ನಾವು ಘಾಟಿಯಲ್ಲಿ ಜೀವ ಉಳಿಸುವ ಮಾತಾಡ್ತಿದ್ದೇವೆ.

ಉಪ್ಪಳದವ: ಬರೆಗೆ ಗುದ್ದಿದವರು ಜೀವದ ಪಾಠ ಹೇಳಬೇಡಿ.

ಬಂದಡ್ಕದವ: ಗುದ್ದಿದ್ದಲ್ಲ, ಒರಗಿಸಿದ್ದು.

ಬದಿಯಡ್ಕದ ಮಾಷ್ಟ್ರು: ಪೆರ್ಲದವರೇ, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಉಂಟಾ?

ಪೆರ್ಲದ ಜೀಪಿನವ: ಇಲ್ಲ ಮಾಷ್ಟ್ರೆ.

ಬದಿಯಡ್ಕದ ಮಾಷ್ಟ್ರು: ಹಾಗಾದರೆ ಒಂದಿಂಚು ಬೇಡವೇ ಬೇಡ. ಮುಕ್ಕಾಲಿನದ್ದು 285, ಒಂದಿಂಚಿನದ್ದು 507. ಅದೇ ಒತ್ತಡಕ್ಕೆ ಕಾಲು ನೂರಕ್ಕೆ 78 ಜಾಸ್ತಿ ಒತ್ತಬೇಕು. ಡ್ರಮ್ಮಿನ ಶೂ ತಿರುಗುವಾಗ ತಾನೇ ಒಳಗೆ ಎಳೆದುಕೊಳ್ಳುತ್ತದೆ, ಡಿಸ್ಕಿಗೆ ಆ ಸಹಾಯವೂ ಇಲ್ಲ. 7/8 ಹಾಕಿದರೂ 36 ಜಾಸ್ತಿ. ಅದರಿಂದ ಪೆಡಲ್ ಓಟ ಕಾಲು ಭಾಗ ಕಮ್ಮಿ ಆಗುತ್ತದೆ, ನಿಜ. ಬೂಸ್ಟರ್ ಸಮೇತ ಹಾಕುವುದಾದರೆ 7/8 ಇಂಚಿನದ್ದೇ ಒಳ್ಳೆಯದು.

ಮಂಜೇಶ್ವರದ ಹಳೇ ಫಿಯೆಟ್: ನಿಪ್ಪಲ್ ನೋಡಿದಿರಾ?

ಕುಂಬಳೆಯ ನಾಲ್ಕು ಪಿಸ್ಟನ್: ಮಾಷ್ಟ್ರ ಲೆಕ್ಕ ನಾನು ಒಪ್ಪುವುದಿಲ್ಲ. ಆದರೆ ಜೀಪಿನವರೇ, ನಿಮ್ಮ ಮೆಕ್ಯಾನಿಕ್ ಒಂದಿಂಚಿನದ್ದೇ ಬೇಕು ಅಂದರೆ ನನ್ನಲ್ಲಿ ಉಂಟು. ನಾಲ್ಕು ತಿಂಗಳು ಓಡಿದ್ದು. 1,500ಕ್ಕೆ ಕೊಡ್ತೇನೆ.

ಬಂದಡ್ಕದವ: ಮೊಣಕಾಲಿಗೆ ಅಭ್ಯಾಸ ಆಗಲಿಲ್ವಾ ಭಾವ?