ಸ್ಪಿನ್ನಿಂಗ್ ರೀಲಿನಲ್ಲಿ ಜಿಗ್ಗಿಂಗ್: ಸ್ಪೂಲ್ ತುಂಬ ಫ್ಲೋರೋಕಾರ್ಬನ್ ಸುತ್ತಬಹುದೇ?

ಅಳಿವೆಯ_ಹವ್ಯಾಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಡದಲ್ಲಿ, ಅಳಿವೆಯ ಬಾಯಲ್ಲಿ ನಿಂತು ಗಾಳ ಹಾಕುವ ಅಭ್ಯಾಸ ನನಗೆ ಹತ್ತು ವರ್ಷಗಳಿಂದ ಇದೆ. ದೋಣಿಯಲ್ಲಿ ಹೋಗಿ ಜಿಗ್ಗಿಂಗ್ ಮಾಡಲು, ಅಂದರೆ ಗಾಳವಿರುವ ಲೋಹದ ತುಂಡನ್ನು (ಜಿಗ್) ತಳಕ್ಕಿಳಿಸಿ ಕುಣಿಸಲು, ಆರಂಭಿಸಿದ್ದು ಮಾತ್ರ ಈ ವರ್ಷ, ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆಯ ನಿಷೇಧ ಮುಗಿದು ಕಡಲು ತಣ್ಣಗಾದ ಮೇಲೆ. ಮಲ್ಪೆಯಿಂದ ಹೊರಟು, 30–35 ಮೀಟರ್ ಆಳದ ಕಲ್ಲುನೆಲದ ಮೇಲೆ ದೋಣಿಯನ್ನು ತೇಲಲು ಬಿಟ್ಟು, 60ರಿಂದ 80 ಗ್ರಾಂ ತೂಕದ ಜಿಗ್ ಇಳಿಸುತ್ತೇವೆ. ನನ್ನದು 4000 ಅಳತೆಯ ಸ್ಪಿನ್ನಿಂಗ್ ರೀಲ್, ಆರೂವರೆ ಅಡಿಯ ರಾಡ್. ಮುಖ್ಯವಾಗಿ ಮುರು, ಕೆಂಬೇರಿ, ಕೊಕ್ಕರ್ ಮೀನುಗಳ ಆಸೆ. ಅದೃಷ್ಟ ಇದ್ದರೆ ಅಂಜಲ್.

ಮೊದಲು ರೀಲಿನಲ್ಲಿದ್ದದ್ದು ಸಾದಾ ನೈಲಾನ್, ಅಂದರೆ ನಮ್ಮ ತಂಗೂಸು. ಜಿಗ್ ತಳ ಮುಟ್ಟಿದೆಯೋ ಇಲ್ಲವೋ ಎಂಬುದೇ ಕೈಗೆ ತಿಳಿಯುತ್ತಿರಲಿಲ್ಲ. ಫ್ಲೋರೋಕಾರ್ಬನ್ (ಫ್ಲೋರೋ) ಎಂಬ ಬಿರುಸಾದ ಪ್ಲಾಸ್ಟಿಕ್ ದಾರ ನೀರಿನಲ್ಲಿ ಕಾಣುವುದಿಲ್ಲ, ಬೇಗ ಮುಳುಗುತ್ತದೆ, ಹಿಗ್ಗುವುದೇ ಇಲ್ಲ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ, 20 ಪೌಂಡ್ ಎಳೆತ ತಾಳುವಂಥದ್ದನ್ನು 150 ಮೀಟರ್ ಸುತ್ತಿಕೊಂಡು ಹೋದೆ. ಬೇಲ್ (ದಾರವನ್ನು ತಡೆಯುವ ರೀಲಿನ ತಂತಿಯ ಹಿಡಿ) ತೆರೆದು ಜಿಗ್ ಬಿಟ್ಟ ಮೊದಲ ಸಲವೇ ಸ್ಪೂಲಿನ (ದಾರ ಸುತ್ತುವ ಉರುಳೆಯ) ಮೇಲಿಂದ ಏಳೆಂಟು ಸುರುಳಿಗಳು ಒಟ್ಟಿಗೆ ಎದ್ದು ಬಂದು, ರಾಡಿನ ಮೊದಲ ರಿಂಗಿನಲ್ಲಿ ಹಕ್ಕಿಗೂಡಿನಂತೆ ಗುಪ್ಪೆಯಾಗಿ ನಿಂತವು. ಸಿಕ್ಕು ಬಿಡಿಸುವಷ್ಟರಲ್ಲಿ ದೋಣಿ ಕಲ್ಲನ್ನು ದಾಟಿ ಹೋಗಿತ್ತು. ದೋಣಿ ನಡೆಸುವ ತಂಡೇಲರು ಏನೂ ಅನ್ನಲಿಲ್ಲ. ಎರಡನೆಯ ಸಲವೂ ಹೀಗಾದಾಗ ಮಾತ್ರ ತಮ್ಮ ಕೈಗಾಳದ ಉಂಡೆಯನ್ನು ತಂದು ಮೌನವಾಗಿ ನನ್ನ ಮುಂದಿಟ್ಟರು.

ಇದು ನಾನು ಸುತ್ತಿದ ರೀತಿಯ ದೋಷವೋ, ದಾರದ ಸ್ವಭಾವವೋ? ಫ್ಲೋರೋ ಬೇಡವಾದರೆ ಯಾವ ದಾರ, ಎಷ್ಟು ದಪ್ಪದ್ದು ಸೂಕ್ತ? ತಿಳಿದವರು ದಯವಿಟ್ಟು ಬರೆಯಿರಿ.

ಉಳ್ಳಾಲದ_ಗಾಳ ಬರೆದದ್ದು:

ದಾರ ಒಳ್ಳೆಯದೇ, ಸುತ್ತಿದ ಜಾಗ ಸರಿಯಿಲ್ಲ. ಸ್ಪಿನ್ನಿಂಗ್ ರೀಲಿನಲ್ಲಿ ಸ್ಪೂಲ್ ತಿರುಗುವುದಿಲ್ಲ. ದಾರವು ಸ್ಪೂಲಿನ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿಯೇ ಹೊರಬರುತ್ತದೆ. ಬಿರುಸಾದ ದಾರ ಆ ಸುರುಳಿಯ ಆಕಾರವನ್ನು ಮರೆಯುವುದಿಲ್ಲ. 20 ಪೌಂಡಿನ ಫ್ಲೋರೋ ಹತ್ತಿರಹತ್ತಿರ 0.4 ಮಿ.ಮೀ. ದಪ್ಪವಿರುತ್ತದೆ, ಸಣ್ಣ ತಂತಿಯಂತೆಯೇ. ಎಳೆತ ಸಡಿಲವಾದ ಕ್ಷಣದಲ್ಲಿ ಅದು ತಾನಾಗಿ ಪುಟಿದೇಳುತ್ತದೆ. ಸ್ಪೂಲನ್ನು ಅಂಚಿನವರೆಗೆ ತುಂಬಿದ್ದರೆ ಇನ್ನೂ ಬೇಗ. ಸ್ಪೂಲೇ ತಿರುಗುವ ಓವರ್‌ಹೆಡ್ ರೀಲಿನಲ್ಲಿ ಈ ಕಾಟ ಬಹಳ ಕಡಿಮೆ.

ಅಂಗಡಿಯವರು ಹೇಳಿದ ಮೂರು ಮಾತುಗಳಲ್ಲಿ ಮುಳುಗುವ ಮಾತು ನಿಜ. ಫ್ಲೋರೋಕಾರ್ಬನ್ನಿನ ಸಾಂದ್ರತೆ ನೀರಿನ 1.78 ಪಟ್ಟು, ನೈಲಾನಿನದು 1.14, ಬ್ರೇಡ್ (ಹಲವು ನವಿರು ಎಳೆಗಳನ್ನು ಹೆಣೆದ ದಾರ) ಹೆಣೆಯುವ ಪಾಲಿಎಥಿಲೀನಿನದು (ಪಿಇ) 0.97, ಎಂದರೆ ಬ್ರೇಡ್ ತೇಲುತ್ತದೆ. ಆದರೆ ಕೆಳಗೆ 80 ಗ್ರಾಂ ಸೀಸ ಜಗ್ಗುತ್ತಿರುವಾಗ ದಾರ ತಾನಾಗಿ ಮುಳುಗುವುದೋ ತೇಲುವುದೋ ಯಾರಿಗೆ ಬೇಕು? ಕಾಣುವುದಿಲ್ಲ ಎಂಬುದು ಅರ್ಧ ಸತ್ಯ. ಬೆಳಕನ್ನು ಬಾಗಿಸುವ ಗುಣದಲ್ಲಿ ನೀರಿನ ಅಂಕಿ 1.33, ಫ್ಲೋರೋದ್ದು 1.42, ನೈಲಾನಿನದು 1.5ಕ್ಕೂ ಹೆಚ್ಚು, ಹಾಗಾಗಿ ಫ್ಲೋರೋ ನೈಲಾನಿಗಿಂತ ಕಡಿಮೆ ಕಾಣುತ್ತದೆ, ಮಾಯವಾಗುವುದಿಲ್ಲ. ಆ ಲಾಭವೂ ಮೀನಿನ ಕಣ್ಣಿಗೆ ಬೀಳುವ ಕೊನೆಯ ಎರಡು ಮೂರು ಮೀಟರಿಗೆ ಸಾಕು. ಉಳಿದ ಮೂವತ್ತು ಮೀಟರನ್ನು ನೋಡುವವರಾರು? ಹಿಗ್ಗುವುದಿಲ್ಲ ಎಂಬ ಮಾತಂತೂ ತಪ್ಪು. ಸಣ್ಣ ಎಳೆತಕ್ಕೆ ಅದು ಬಿಗಿಯಾಗಿ ನಿಲ್ಲುತ್ತದೆ. ಜೋರಾಗಿ ಎಳೆದರೆ ಚೆನ್ನಾಗಿಯೇ ಹಿಗ್ಗುತ್ತದೆ, ಮೇಲಾಗಿ ಹಿಗ್ಗಿದ್ದು ನೈಲಾನಿನಂತೆ ಪೂರ್ತಿ ಹಿಂದೆ ಸರಿಯುವುದಿಲ್ಲ.

ಜಿಗ್ಗಿಂಗಿಗೆ ಬೇಕಾದದ್ದು ಕೈಯ ಚಲನೆ ನೇರವಾಗಿ ಜಿಗ್ಗಿಗೆ ಮುಟ್ಟುವುದು. ಕಡಿಯುವ ಹಂತಕ್ಕೆ ಬರುವಷ್ಟರಲ್ಲಿ ನೈಲಾನ್ ಶೇಕಡಾ 20ಕ್ಕೂ ಹೆಚ್ಚು ಹಿಗ್ಗಿರುತ್ತದೆ, ಬ್ರೇಡ್ ಸುಮಾರು ಶೇಕಡಾ 4. ನಿಮ್ಮ 35 ಮೀಟರ್ ಆಳಕ್ಕೆ ಲೆಕ್ಕ ಹಾಕಿದರೆ ಒಂದು ಏಳು ಮೀಟರ್, ಇನ್ನೊಂದು ಒಂದೂವರೆ ಮೀಟರ್. ನಾವು ರಾಡ್ ಎತ್ತುವಾಗ ಬೀಳುವ ಎಳೆತ ಅಷ್ಟು ಇರುವುದಿಲ್ಲ, ನಿಜ. ಆದರೂ ರಾಡಿನ ತುದಿಯನ್ನು ಅರ್ಧ ಮೀಟರ್ ಎತ್ತಿದಾಗ ನೈಲಾನಿನ ಕೆಳತುದಿಯಲ್ಲಿ ಜಿಗ್ ಆಕಳಿಸಿದಂತೆ ಅಲುಗುತ್ತದೆ, ಬ್ರೇಡಿನಲ್ಲಿ ಹಾರುತ್ತದೆ.

ಇನ್ನು ದಪ್ಪ. ಬ್ರೇಡಿನ ದಪ್ಪಕ್ಕಿರುವ ಜಪಾನೀ ಲೆಕ್ಕದಲ್ಲಿ ಪಿಇ 1 ಎಂದರೆ 0.165 ಮಿ.ಮೀ., ಪಿಇ 2 ಎಂದರೆ 0.235. ಅಂಕಿ ಇಮ್ಮಡಿಯಾದರೆ ದಪ್ಪ ಇಮ್ಮಡಿಯಾಗುವುದಿಲ್ಲ, ಅಡ್ಡಕೊಯ್ತದ ವಿಸ್ತೀರ್ಣ ಇಮ್ಮಡಿಯಾಗುತ್ತದೆ. ಒಳ್ಳೆಯ ಪಿಇ 2 ದಾರ 30 ಪೌಂಡ್ ತಾಳುತ್ತದೆ. ನಿಮ್ಮ 20 ಪೌಂಡಿನ ಫ್ಲೋರೋ ಅದರ ಸುಮಾರು 1.7 ಪಟ್ಟು ದಪ್ಪ. ನೀರಿನ ಸೆಳೆತ ದಪ್ಪ ದಾರವನ್ನು ಬಿಲ್ಲಿನಂತೆ ಬಾಗಿಸಿ ಜಿಗ್ಗನ್ನು ಓರೆಯಾಗಿ ಒಯ್ಯುತ್ತದೆ; ನಿಮಗೆ ತಳ ತಿಳಿಯದಿದ್ದುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ನನ್ನ ಸಲಹೆ ಇಷ್ಟು: ಎಂಟು ಎಳೆಯ ಪಿಇ 1.5 ಅಥವಾ 2, 300 ಮೀಟರ್, ಪ್ರತಿ 10 ಮೀಟರಿಗೆ ಬಣ್ಣ ಬದಲಾಗುವಂಥದ್ದು; ಅದರ ತುದಿಗೆ 30ರಿಂದ 40 ಪೌಂಡಿನ ಫ್ಲೋರೋ ಲೀಡರ್ (ಮುಖ್ಯ ದಾರಕ್ಕೂ ಜಿಗ್ಗಿಗೂ ನಡುವಿನ ತುಂಡು), ಮೂರು ಮೀಟರ್. ಕಲ್ಲಿಗೆ ಉಜ್ಜಿದರೆ ಬಿಗಿಯಾಗಿರುವ ಬ್ರೇಡ್ ಕ್ಷಣದಲ್ಲಿ ಕಡಿದುಹೋಗುತ್ತದೆ, ಗಟ್ಟಿ ಮೈಯ ಫ್ಲೋರೋ ಅಲ್ಲಿ ತಾಳುತ್ತದೆ. ಜಪಾನಿನ ಕುರೆಹಾ ಕಂಪನಿ 1971ರಲ್ಲಿ ಸೀಗರ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದದ್ದೂ ಲೀಡರ್ ದಾರವಾಗಿಯೇ. ಈಗ ಕೊಂಡಿರುವ 150 ಮೀಟರನ್ನು ಎಸೆಯಬೇಡಿ. ಫ್ಲೋರೋ ನೀರು ಕುಡಿಯುವುದಿಲ್ಲ, ಬಿಸಿಲಿಗೆ ಬೇಗ ಹಾಳಾಗುವುದೂ ಇಲ್ಲ. ಅಳಿವೆಯ ಗಾಳಕ್ಕೆ ಲೀಡರ್ ಆಗಿ ವರ್ಷಗಟ್ಟಲೆ ಬರುತ್ತದೆ.

ಕಾರವಾರ_ಕಡಲು ಬರೆದದ್ದು:

ಮೇಲಿನವರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಲೀಡರಿನ ವಿಷಯದಲ್ಲಿ ಮಾತ್ರ ತಕರಾರಿದೆ. ಮಳೆಗಾಲ ಕಳೆದು ಎರಡು ಮೂರು ತಿಂಗಳು ನಮ್ಮ ಕರಾವಳಿಯ ನೀರು ಕದಡಿಯೇ ಇರುತ್ತದೆ; ಆಗ ಕಾಣುವ ದಾರ, ಕಾಣದ ದಾರ ಎಂಬ ಲೆಕ್ಕಕ್ಕೆ ಅರ್ಥವಿಲ್ಲ. ನಾನು ಆ ದಿನಗಳಲ್ಲಿ 50 ಪೌಂಡಿನ ನೈಲಾನನ್ನೇ ಲೀಡರ್ ಮಾಡಿಕೊಳ್ಳುತ್ತೇನೆ. ಬೆಲೆ ಕಡಿಮೆ, ಗಂಟು ಮೆತ್ತಗೆ ಕೂರುತ್ತದೆ, ಹಿಗ್ಗದ ಬ್ರೇಡಿನ ತುದಿಯಲ್ಲಿ ಅಷ್ಟಾದರೂ ಹಿಗ್ಗುವ ದಾರವಿದ್ದರೆ ಮುರು ಕಲ್ಲಿನ ಸಂದಿಗೆ ನುಗ್ಗುವಾಗಿನ ಜಗ್ಗು ಗಾಳಕ್ಕೂ ರಾಡಿಗೂ ಒಮ್ಮೆಲೇ ತಟ್ಟುವುದಿಲ್ಲ. ನೀರು ತಿಳಿಯಾದ ಮೇಲೆ ಫ್ಲೋರೋಗೆ ಬದಲಾಯಿಸುತ್ತೇನೆ.

ಅಂಜಲ್‌ಗೆ, ನಮ್ಮ ಕಡೆಯ ಮಾತಿನಲ್ಲಿ ಇಸ್ವಾಣಕ್ಕೆ, ಇವೆರಡೂ ಒಂದೇ. ಅದರ ಹಲ್ಲು ತಾಗಿದರೆ 60 ಪೌಂಡಿನ ಫ್ಲೋರೋ ಕೂಡ ಬ್ಲೇಡಿನಲ್ಲಿ ಕೊಯ್ದಂತೆ ಹೋಗುತ್ತದೆ. ಒಂದು ಗೇಣು ಸ್ಟೀಲ್ ತಂತಿ ಸೇರಿಸಿದರೆ ದಾರ ಉಳಿಯುತ್ತದೆ, ಆದರೆ ಜಿಗ್ಗಿನ ಆಟ ಕೆಡುತ್ತದೆ, ಕೆಂಬೇರಿ ಕಚ್ಚುವುದೂ ಕಡಿಮೆಯಾಗುತ್ತದೆ. ನಾನು ತಂತಿ ಹಾಕುವುದಿಲ್ಲ. ವರ್ಷಕ್ಕೆ ನಾಲ್ಕಾರು ಜಿಗ್ ಇಸ್ವಾಣದ ಪಾಲು ಎಂದು ಮೊದಲೇ ಬರೆದಿಟ್ಟುಬಿಡುತ್ತೇನೆ.

ಡೆಟ್ರಾಯಿಟ್_ಕನ್ನಡಿಗ ಬರೆದದ್ದು:

ಸಿಹಿನೀರಿನ ಅನುಭವವೊಂದನ್ನು ಸೇರಿಸುತ್ತೇನೆ, ಏಕೆಂದರೆ ಸ್ಪೂಲ್ ತುಂಬ ಫ್ಲೋರೋ ಎಂಬುದು ಎಲ್ಲ ಕಡೆಯೂ ತಪ್ಪಲ್ಲ. ಇಲ್ಲಿ ಏಪ್ರಿಲ್ ತಿಂಗಳಲ್ಲಿ ವಾಲ್‌ಐ ಮೀನು ಮೊಟ್ಟೆಯಿಡಲು ಡೆಟ್ರಾಯಿಟ್ ನದಿಗೆ ಏರಿ ಬರುತ್ತದೆ. ಹರಿವಿನ ಜೊತೆಗೇ ದೋಣಿಯನ್ನು ಇಳಿಯಲು ಬಿಟ್ಟು, ಐದಾರು ಮೀಟರ್ ಆಳದಲ್ಲಿ 14ರಿಂದ 21 ಗ್ರಾಂ ಜಿಗ್ಗನ್ನು ನೆಲಕ್ಕೆ ತಟ್ಟಿ ತಟ್ಟಿ ಎತ್ತುತ್ತೇವೆ. ಅಲ್ಲಿ ನಾನೂ ಸ್ಪಿನ್ನಿಂಗ್ ರೀಲಿನಲ್ಲಿ 10 ಪೌಂಡಿನ ಬ್ರೇಡ್ ಸುತ್ತಿ, ತುದಿಗೆ ಒಂದು ಮೀಟರ್ ಫ್ಲೋರೋ ಕಟ್ಟುತ್ತೇನೆ. ಉಳ್ಳಾಲದವರು ಹೇಳಿದ ಏರ್ಪಾಡೇ, ಅಳತೆ ಮಾತ್ರ ಚಿಕ್ಕದು.

ಚಳಿಗಾಲದಲ್ಲಿ ಸೇಂಟ್ ಕ್ಲೇರ್ ಸರೋವರ ಹೆಪ್ಪುಗಟ್ಟಿ, ಹಿಮಕ್ಕೆ ರಂಧ್ರ ಕೊರೆದು ಜಿಗ್ ಇಳಿಸುವಾಗ ಈ ಏರ್ಪಾಡು ಕೈಕೊಡುತ್ತದೆ. ಬ್ರೇಡಿನ ಎಳೆಗಳ ನಡುವೆ ನೀರು ನಿಂತು, ಗಾಳಿಗೆ ಬಂದ ಕೂಡಲೇ ಹೆಪ್ಪುಗಟ್ಟಿ, ರಾಡಿನ ರಿಂಗುಗಳಲ್ಲಿ ಮಂಜಿನ ಮಣಿಗಳಾಗಿ ಸಿಕ್ಕಿಕೊಳ್ಳುತ್ತದೆ. ಆಗ ಪುಟ್ಟ ಸ್ಪಿನ್ನಿಂಗ್ ರೀಲಿಗೆ 4 ಪೌಂಡಿನ ಫ್ಲೋರೋವನ್ನು ಪೂರ್ತಿ ಸುತ್ತುತ್ತೇನೆ. ಅಷ್ಟು ತೆಳುವಾದ ಫ್ಲೋರೋ ಸ್ಪೂಲಿನಿಂದ ಪುಟಿಯುವುದಿಲ್ಲ, ಐದಾರು ಮೀಟರ್ ಆಳಕ್ಕೆ ಅದರ ಹಿಗ್ಗುವಿಕೆ ಲೆಕ್ಕಕ್ಕೂ ಬರುವುದಿಲ್ಲ. ಅನುಭವದಿಂದ ಹೇಳುವುದಾದರೆ 6 ಪೌಂಡಿನ ಒಳಗೆ ಸ್ಪೂಲ್ ತುಂಬ ಫ್ಲೋರೋ ನೆಮ್ಮದಿಯದ್ದು, 10ರ ಮೇಲೆ ಜಗಳಗಂಟ.

ಅಳಿವೆಯ_ಹವ್ಯಾಸಿ:

ಎಲ್ಲರಿಗೂ ಧನ್ಯವಾದಗಳು. ಪಿಇ 2 ತರಿಸಿದ್ದೇನೆ, 40 ಪೌಂಡಿನ ಲೀಡರ್ ಕೂಡ ಬಂದಿದೆ. ಆದರೆ ಇವೆರಡನ್ನು ಸೇರಿಸುವ ಎಫ್‌ಜಿ ಗಂಟನ್ನು ಮನೆಯಲ್ಲಿ ಕುಳಿತು ನಾಲ್ಕು ಸಲ ಕಟ್ಟಿದರೂ ಜೋರಾಗಿ ಎಳೆದಾಗ ಬ್ರೇಡ್ ಲೀಡರಿನ ಮೇಲಿಂದ ಕಾಲುಚೀಲದಂತೆ ಜಾರಿ ಬರುತ್ತಿದೆ. ಎಲ್ಲಿ ಎಡವುತ್ತಿದ್ದೇನೆ?

ಉಳ್ಳಾಲದ_ಗಾಳ:

ಬಿಗಿಯಲ್ಲಿ ಎಡವುತ್ತಿದ್ದೀರಿ. ಎಫ್‌ಜಿ ಎಂದರೆ ಲೀಡರನ್ನು ಗಂಟು ಹಾಕದೆ, ಅದರ ಸುತ್ತ ಬ್ರೇಡನ್ನು ಜಡೆಯಂತೆ ಹೆಣೆಯುವುದು. ಹಿಡಿತವೆಲ್ಲ ಆ ಹೆಣಿಗೆಯದ್ದು. ಬ್ರೇಡಿನ ಒಂದು ತುದಿಯನ್ನು ರಾಡಿನ ಬದಿಗೆ, ಇನ್ನೊಂದನ್ನು ಕಿರುಬೆರಳಿಗೆ ಸುತ್ತಿ ತಂಬೂರಿಯ ತಂತಿಯಷ್ಟು ಬಿಗಿ ಮಾಡಿಕೊಂಡು, ಲೀಡರನ್ನು ಅದರ ಮೇಲೊಮ್ಮೆ ಕೆಳಗೊಮ್ಮೆ ದಾಟಿಸುತ್ತ ಇಪ್ಪತ್ತು ಸುತ್ತು ಹೆಣೆಯಿರಿ. ಎರಡು ಅರೆಗಂಟು ಹಾಕಿ, ಎಂಜಲಿನಿಂದ ಒದ್ದೆ ಮಾಡಿ, ಕೈಗವಸು ತೊಟ್ಟು ಎರಡೂ ಕಡೆಗೆ ಎಳೆಯಿರಿ. ಬ್ರೇಡ್ ಲೀಡರಿನ ಮೈಯೊಳಗೆ ಕಚ್ಚಿಕೊಂಡಾಗ ಅದರ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಅದು ಕಾಣುವವರೆಗೂ ಲೀಡರಿನ ತುದಿಯನ್ನು ಕತ್ತರಿಸಬೇಡಿ. ನೀವು ಕತ್ತರಿಸಿದ ಮೇಲೆ ಎಳೆಯುತ್ತಿದ್ದೀರಿ ಎಂಬುದು ನನ್ನ ಅನುಮಾನ. ದೋಣಿ ಹೊಯ್ದಾಡುತ್ತಿರುವಾಗ ಇದಕ್ಕೆ ಹೋಗದೆ ಡಬಲ್ ಯೂನಿ ಗಂಟು ಹಾಕಿ. ಬಲ ಸ್ವಲ್ಪ ಕಡಿಮೆಯಾದರೂ ಎರಡು ನಿಮಿಷದ ಕೆಲಸ. ಜಿಗ್ಗಿನ ಬದಿಯ ಫ್ಲೋರೋ ಗಂಟನ್ನೂ ಒಣಗಿದ್ದಾಗ ಬಿಗಿಯಬೇಡಿ, ಉಜ್ಜಿದ ಬಿಸಿಗೆ ದಾರ ಬೆಳ್ಳಗಾಗಿ ಗುಂಗುರಾದರೆ ಆ ಗಂಟು ಕೆಟ್ಟಿತೆಂದೇ ಲೆಕ್ಕ.

ಸ್ಪೂಲಿಗೆ ಬ್ರೇಡನ್ನು ನೇರವಾಗಿ ಕಟ್ಟಬೇಡಿ, ಇಡೀ ಸುತ್ತು ಸ್ಪೂಲಿನ ಮೇಲೆ ಗಿರಗಿರ ತಿರುಗುತ್ತದೆ; ಮೊದಲು ಹತ್ತು ಹದಿನೈದು ಸುತ್ತು ನಿಮ್ಮ ಹಳೆಯ ತಂಗೂಸು ಇರಲಿ. ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ. ಜಿಗ್ ತಳ ಸೇರಿದ ಮೇಲೆ ಬೇಲನ್ನು ಹಿಡಿಕೆ ತಿರುಗಿಸಿ ಮುಚ್ಚದೆ ಕೈಯಿಂದಲೇ ಮುಚ್ಚಿ, ದಾರವನ್ನು ಒಮ್ಮೆ ಜಗ್ಗಿ ಅನಂತರ ಸುತ್ತಿದರೆ ಸಡಿಲ ಸುರುಳಿ ಸ್ಪೂಲಿನೊಳಗೆ ಹೂತುಕೊಳ್ಳುವುದಿಲ್ಲ. ಡ್ರ್ಯಾಗನ್ನು (ಮೀನು ಎಳೆದಾಗ ದಾರ ಬಿಡುವ ರೀಲಿನ ಬಿಗಿತವನ್ನು) ದಾರದ ಬಲದ ಕಾಲುಭಾಗಕ್ಕೆ ಇಡಿ. 30 ಪೌಂಡಿಗೆ ಸುಮಾರು ಮೂರೂವರೆ ಕಿಲೋ, ಲಗೇಜ್ ತೂಗುವ ಕೊಕ್ಕೆತಕ್ಕಡಿಯಲ್ಲಿ ಅಳೆಯಬಹುದು. ಮತ್ತೆ, ಮಾರಾಯರೇ, ಜಿಗ್ ಕಲ್ಲಿಗೆ ಸಿಕ್ಕಿಕೊಂಡರೆ ಬ್ರೇಡನ್ನು ಬರಿಗೈಗೆ ಸುತ್ತಿ ಎಳೆಯಬೇಡಿ, ಬೆರಳು ಕೊಯ್ದುಹೋಗುತ್ತದೆ. ಒಂದು ಮರದ ತುಂಡಿಗೆ ಸುತ್ತಿ ಎಳೆಯಿರಿ.

ಅಳಿವೆಯ_ಹವ್ಯಾಸಿ:

ನಿಮ್ಮ ಅನುಮಾನ ಸರಿಯಾಗಿತ್ತು, ಕತ್ತರಿಸಿದ ಮೇಲೆಯೇ ಎಳೆಯುತ್ತಿದ್ದೆ. ಭಾನುವಾರ ಹೋಗಿ ಬಂದೆವು. ತಂಡೇಲರು ಬ್ರೇಡನ್ನು ಎರಡು ಬೆರಳಿನ ನಡುವೆ ಹಿಡಿದು ನೋಡಿ, ಇದು ಬಲೆ ಹೆಣೆಯುವುದಕ್ಕೋ ಅಂಗಿ ಹೊಲಿಯುವುದಕ್ಕೋ ಎಂದು ಕೇಳಿದರು. ಜಿಗ್ ತಳಕ್ಕೆ ತಾಗುವ ಟಕ್ ಎಂಬ ಪೆಟ್ಟು ಪ್ರತಿ ಸಲವೂ ಕೈಗೆ ಬಂತು. ಎರಡು ಕೆಂಬೇರಿ, ಒಂದು ಮುರು ಸಿಕ್ಕವು. ಒಂದು ಜಿಗ್ ಕಲ್ಲಿನ ಪಾಲಾಯಿತು. ಮರದ ತುಂಡಿಗೆ ಸುತ್ತಿ ಎಳೆದಾಗ ಕಡಿದದ್ದು ಜಿಗ್ಗಿನ ಬದಿಯ ಗಂಟು, ಎಫ್‌ಜಿ ಗಂಟು ಹಾಗೆಯೇ ಮರಳಿ ಬಂತು. ಲೀಡರಿನ ಕೊನೆಯ ಒಂದು ಮೊಳ ಉಗುರಿಗೆ ತರಿತರಿಯಾಗಿ ತಾಗುತ್ತಿತ್ತು, ಅಷ್ಟನ್ನು ಕತ್ತರಿಸಿ ಹೊಸ ಜಿಗ್ ಕಟ್ಟಿದೆ.